ಎಳೆ ಕೋಣದ ತರಬೇತಿ ಮತ್ತು ಮೊದಲ ಕಂಬಳ: ಪಾಲುದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಪೆರ್ಲ, ಬದಿಯಡ್ಕದ ಕಡೆ ಇಬ್ಬರು ಮೂವರು ಸೇರಿ ಕೋಣದ ಕರು ತೆಗೆದುಕೊಳ್ಳುವವರಿದ್ದಾರೆ. ಕೆಲವರು ಅಣ್ಣ ತಮ್ಮಂದಿರು, ಕೆಲವರು ಒಟ್ಟಿಗೆ ಶಾಲೆಗೆ ಹೋದವರು, ಕೆಲವರು ಗಲ್ಫಿನಿಂದ ದುಡ್ಡು ಕಳಿಸುವವರು. ಮದುವೆ ಮನೆಯಲ್ಲಿ, ಫೋನಿನಲ್ಲಿ, ಕಂಬಳದ ಕರೆಯ (ಕೋಣ ಓಡುವ ಕೆಸರಿನ ಓಣಿಯ) ಬದಿಯಲ್ಲಿ ಇವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು, ಪಾಲು ಮತ್ತು ಕಾನೂನಿನ ವಿಷಯ ಕೊನೆಗೆ.

## ಶುರುವಿನಲ್ಲಿ

ಕಂಬಳ ನೋಡಿದ್ದೇವೆ, ಆದರೆ ಹಗ್ಗ, ನೇಗಿಲು, ಹಲಗೆ ಅಂದರೆ ವ್ಯತ್ಯಾಸ ಏನು? ನಮ್ಮ ಎಳೆ ಜೋಡಿ ಯಾವುದರಲ್ಲಿ ಓಡಬೇಕು?

ನೊಗಕ್ಕೆ ಏನು ಕಟ್ಟಿದ್ದಾರೆ ಅನ್ನುವುದರ ಮೇಲೆ ವಿಭಾಗ. ಹಗ್ಗದಲ್ಲಿ ಓಡಿಸುವವರ ಕೈಯಲ್ಲಿ ಹಗ್ಗ ಮಾತ್ರ. ಪಳಗಿದ, ವೇಗದ ಕೋಣಗಳು ಇಲ್ಲಿ ಓಡುತ್ತವೆ. ನೇಗಿಲಿನಲ್ಲಿ ಹಗುರ ಮಾಡಿದ ನೇಗಿಲು ಹಿಡಿದು ಓಡುತ್ತಾರೆ. ಅಡ್ಡಹಲಗೆಯಲ್ಲಿ ಅಡ್ಡಕ್ಕೆ ಕಟ್ಟಿದ ಹಲಗೆಯ ಮೇಲೆ ನಿಲ್ಲುತ್ತಾರೆ. ಕನೆಹಲಗೆಯ ಲೆಕ್ಕವೇ ಬೇರೆ. ಅಲ್ಲಿ ಹಲಗೆಯ ತೂತಿನಿಂದ ಚಿಮ್ಮಿದ ನೀರು ಎಷ್ಟು ಎತ್ತರಕ್ಕೆ ಹೋಯಿತು ಅಂತ ನೋಡುತ್ತಾರೆ. 6.5 ಕೋಲು, 7.5 ಕೋಲು (ಕೋಲು ಅಂದರೆ ಉದ್ದದ ಹಳೆಯ ಅಳತೆ) ಎತ್ತರದಲ್ಲಿ ಕಟ್ಟಿದ ನಿಶಾನೆಗೆ ನೀರು ಮುಟ್ಟಬೇಕು.

ಹಗ್ಗ ಮತ್ತು ನೇಗಿಲಿನಲ್ಲಿ ಹಿರಿಯ, ಕಿರಿಯ ಅಂತ ಎರಡೆರಡು ವಿಭಾಗ ಇವೆ. ಹೊಸ ಜೋಡಿ ಸಾಮಾನ್ಯವಾಗಿ ಇಳಿಯುವುದು ನೇಗಿಲು ಕಿರಿಯದಲ್ಲಿ. ಅತಿ ಹೆಚ್ಚು ಜೋಡಿ ಸೇರುವುದೂ ಅಲ್ಲೇ. ನಿಮ್ಮದೂ ಅಲ್ಲಿಂದಲೇ ಶುರುವಾಗಲಿ.

ಕರುವಿಗೆ ಒಂದೂವರೆ ವರ್ಷ, ನೋಡಲು ದೊಡ್ಡದಾಗಿದೆ. ಈ ಸಲವೇ ಇಳಿಸಬಹುದಾ?

ಬೇಡ. ಮೈ ದೊಡ್ಡದಾದ ಕೂಡಲೇ ಮೂಳೆ, ಗಂಟು ಬಲಿತಿರುವುದಿಲ್ಲ. ಕೋಣದ ಮೊದಲ ಜೋಡಿ ಶಾಶ್ವತ ಹಲ್ಲು ಬರುವುದು ಎರಡೂವರೆಯಿಂದ ಮೂರು ವರ್ಷದ ಹೊತ್ತಿಗೆ. ಊರಿನ ಹಿರಿಯರು ಬಾಯಿ ತೆರೆದು ಹಲ್ಲು ನೋಡಿಯೇ ಮಾತಾಡುವುದು ಇದಕ್ಕೆ. ಕಂಬಳದಲ್ಲೂ ಕಿರಿಯ ವಿಭಾಗಕ್ಕೆ ಹಲ್ಲು ನೋಡಿಯೇ ತೀರ್ಮಾನ ಮಾಡುತ್ತಾರೆ.

ಒಂದೂವರೆ ವರ್ಷದಲ್ಲಿ ಕಲಿಸುವುದು ಬೇಕಾದಷ್ಟಿದೆ: ಹಗ್ಗದಲ್ಲಿ ನಡೆಯುವುದು, ಜನರ ನಡುವೆ ನಿಲ್ಲುವುದು, ನೊಗ ಹೊರುವುದು. ಪೂರ್ತಿ ಕರೆಯಲ್ಲಿ ಜೋರಾಗಿ ಓಡಿಸುವುದಕ್ಕೆ ಹಲ್ಲು ಬರುವವರೆಗೆ ಕಾಯಿರಿ. ತೀರ ಎಳೆಯ ಕರುಗಳನ್ನು ಸಬ್ ಜೂನಿಯರ್ ಅಂತ ಓಡಿಸುವುದು ನನಗೆ ಹಿಡಿಸುವುದಿಲ್ಲ. ಚೆನ್ನಾಗಿ ನೋಡಿಕೊಂಡ ಕೋಣ ಹತ್ತು ವರ್ಷ ದಾಟಿಯೂ ಓಡುತ್ತದೆ. ಒಂದು ವರ್ಷದ ಆತುರಕ್ಕೆ ಅದರ ಮುಂಗಾಲು ಹಾಳು ಮಾಡಬೇಡಿ.

ಕರು ಆರಿಸುವಾಗ ಏನು ನೋಡಬೇಕು? ಸುಳಿ ನೋಡಿ ಅಂತಾರೆ.

ಮೈಮೇಲಿನ ಕೂದಲಿನ ಸುಳಿ ನೋಡುವುದು ನಮ್ಮ ಹಿರಿಯರ ಕ್ರಮ. ನಂಬಿಕೆ ಇರುವವರು ನೋಡಲಿ, ಅದರಿಂದ ತೊಂದರೆ ಏನೂ ಇಲ್ಲ. ಆದರೆ ಮೊದಲು ಕಾಲು ನೋಡಿ. ಹಿಂದಿನಿಂದ ನಿಂತು ನೋಡಿದರೆ ಹಿಂಗಾಲು ಎರಡೂ ನೇರ ಇರಬೇಕು, ಮಂಡಿ ಒಳಗೆ ತಾಗಬಾರದು. ಗೊರಸು ಸಮ ಇರಬೇಕು. ಎದೆ ಅಗಲ, ಬೆನ್ನು ನೇರ, ಕಣ್ಣು ಚುರುಕು. ಆಮೇಲೆ ಸ್ವಭಾವ. ಪಕ್ಕದಲ್ಲಿ ಯಾರಾದರೂ ಕೊಡೆ ಬಿಚ್ಚಲಿ. ಬೆದರಿ ಹಾರಿ, ಆಮೇಲೆ ತಿರುಗಿ ನೋಡಿ ಸುಮ್ಮನಾಗುವ ಕರು ಒಳ್ಳೆಯದು. ಅರ್ಧ ಗಂಟೆ ಕಳೆದರೂ ನಡುಗುತ್ತಿದ್ದರೆ ಕಂಬಳದ ಮೈಕು, ಬೆಳಕು, ಬೊಬ್ಬೆಯ ನಡುವೆ ಅದಕ್ಕೆ ತುಂಬಾ ಕಷ್ಟ ಆಗುತ್ತದೆ.

ನಮ್ಮದು ಒಂದೇ ಕೋಣ. ಜೋಡಿ ಬೇರೆ ಮನೆಯದ್ದಾದರೆ ಆಗುತ್ತದಾ?

ಖಂಡಿತ ಆಗುತ್ತದೆ. ಒಂದು ಕೋಣ ಒಂದು ಮನೆಯದು, ಇನ್ನೊಂದು ಬೇರೆ ಮನೆಯದು ಅನ್ನುವ ಜೋಡಿಗಳು ಎಷ್ಟೋ ಇವೆ. ನೋಡಬೇಕಾದ್ದು ಮೂರು ಸಂಗತಿ. ಎತ್ತರ ಸರಿಸುಮಾರು ಒಂದೇ ಇರಬೇಕು, ಇಲ್ಲದಿದ್ದರೆ ನೊಗ ಓರೆಯಾಗಿ ಗಿಡ್ಡ ಕೋಣದ ಹೆಗಲು ಹಣ್ಣಾಗುತ್ತದೆ. ವೇಗ ಹೊಂದಬೇಕು. ಮತ್ತೆ, ಪ್ರತಿ ಕೋಣಕ್ಕೂ ಒಂದು ಬದಿ ಅಭ್ಯಾಸ ಆಗಿರುತ್ತದೆ. ಎರಡೂ ಬಲಬದಿಯ ಕೋಣಗಳಾದರೆ ಒಂದನ್ನು ಎಡಕ್ಕೆ ಪಳಗಿಸಲು ಒಂದು ಮಳೆಗಾಲವೇ ಬೇಕಾಗಬಹುದು.

ಇನ್ನೊಂದು ಮಾತು. ಎರಡು ಮನೆಯ ಕೋಣಗಳು ಸೀಸನ್ನಿನ ಮುಂಚಿನ ತಿಂಗಳುಗಳನ್ನಾದರೂ ಒಂದೇ ಹಟ್ಟಿಯಲ್ಲಿ ಕಳೆಯಬೇಕು. ಒಟ್ಟಿಗೆ ತಿಂದು, ಒಟ್ಟಿಗೆ ಕೆರೆಗೆ ಇಳಿದ ಜೋಡಿ ಕರೆಯಲ್ಲೂ ಒಟ್ಟಿಗೆ ಹೆಜ್ಜೆ ಹಾಕುತ್ತದೆ.

## ತರಬೇತಿ

ತರಬೇತಿ ಎಲ್ಲಿಂದ ಶುರು? ನೇರ ಗದ್ದೆಗೆ ಇಳಿಸುವುದಾ?

ಶುರು ಹಟ್ಟಿಯಲ್ಲಿ. ದಿನಾ ಮೈ ಮುಟ್ಟಿ, ಕಾಲು ಎತ್ತಿ ನೋಡಿ, ಕಿವಿ ಸವರಿ, ಹೆಸರು ಹಿಡಿದು ಕರೆಯಿರಿ. ಕಾಳ, ಬೊಳ್ಳ, ಕುಟ್ಟಿ, ಪಾಂಡು, ಯಾವುದೇ ಆಗಲಿ, ಚಿಕ್ಕ ಹೆಸರಿರಲಿ. ಮನೆಯವರೆಲ್ಲ ಅದೇ ಹೆಸರಿನಲ್ಲಿ ಕರೆಯಲಿ. ಈ ಹಂತದಲ್ಲಿ ಒಬ್ಬರೇ ನೋಡಿಕೊಂಡರೆ ತುಂಬಾ ಒಳ್ಳೆಯದು. ಪಾಲುದಾರರು ವಾರಕ್ಕೊಬ್ಬರಂತೆ ಸರದಿ ಹಾಕಿಕೊಂಡರೆ ಕರುವಿಗೆ ಯಾರ ಮಾತು ಕೇಳಬೇಕು ಅನ್ನುವುದೇ ತಿಳಿಯುವುದಿಲ್ಲ.

ಆಮೇಲೆ ನಡಿಗೆ. ಬೆಳಿಗ್ಗೆ ಬೇಗ, ರಸ್ತೆಯ ಬದಿಯಲ್ಲಿ, ತೋಡಿನ ಬದಿಯಲ್ಲಿ. ಬಸ್ಸು, ಬೈಕು, ನಾಯಿ ಎಲ್ಲ ಕಾಣಲಿ. ದೇವಸ್ಥಾನದ ಜಾತ್ರೆಗೆ ಮೈಕು ಕಟ್ಟಿದ್ದರೆ ದೂರದಲ್ಲಿ ನಿಲ್ಲಿಸಿ ಕೇಳಿಸಿ. ಮರುದಿನ ಸ್ವಲ್ಪ ಹತ್ತಿರ.

ಮೂರನೆಯದು ನೊಗ. ಇಲ್ಲಿ ಒಂದು ಹಳೆಯ, ಶಾಂತ ಕೋಣ ಸಿಕ್ಕಿದರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ. ಎಳೆಯದನ್ನು ಅದರ ಜೊತೆ ಕಟ್ಟಿ ಒಣ ನೆಲದಲ್ಲಿ ಬರೀ ನಡೆಸಿ. ಮೊದಲ ದಿನಗಳಲ್ಲಿ ನೊಗಕ್ಕೆ ಏನೂ ಕಟ್ಟಬೇಡಿ. ಆಮೇಲೆ ಒಂದು ಹಗ್ಗ, ಆಮೇಲೆ ಹಗುರದ ನೇಗಿಲು. ನೊಗ ತೆಗೆದ ಮೇಲೆ ಪ್ರತಿ ಸಲವೂ ಹೆಗಲು ಮುಟ್ಟಿ ನೋಡಿ. ಬಿಸಿ ಅಥವಾ ಬಾವು ಇದ್ದರೆ ಅದು ಪೂರಾ ಇಳಿಯುವವರೆಗೆ ನೊಗ ಬೇಡ. ಹೆಗಲು ಬಾವಿನ ಮೇಲೆ ನೊಗ ಇಟ್ಟರೆ ಆ ನೋವನ್ನು ಕೋಣ ಮರೆಯುವುದಿಲ್ಲ. ಮುಂದೆ ನೊಗ ಕಂಡರೇ ಹಿಂದೆ ಸರಿಯುತ್ತದೆ.

ನಾಲ್ಕನೆಯದು ಕೆಸರು. ಏಣೆಲು, ಅಂದರೆ ಮಳೆಗಾಲದ ಬೆಳೆಯ, ಕೊಯ್ಲು ಮುಗಿದ ಗದ್ದೆ ಇದ್ದರೆ ನೀರು ಕಟ್ಟಿ. ಮೊದಲು ಗೊರಸು ಮುಳುಗುವಷ್ಟು, ಆಮೇಲೆ ಸ್ವಲ್ಪ ಸ್ವಲ್ಪ ಜಾಸ್ತಿ. ಇಳಿಸುವ ಮುಂಚೆ ನೀವೇ ಬರಿಗಾಲಲ್ಲಿ ಗದ್ದೆಯ ಉದ್ದಕ್ಕೂ ನಡೆದು ಬನ್ನಿ. ನಮ್ಮ ಕಡೆ ಮುರಕಲ್ಲಿನ ತುಂಡು ಕೆಸರಿನೊಳಗೆ ಎಲ್ಲಿ ಬೇಕಾದರೂ ಇರುತ್ತದೆ. ನಿಮ್ಮ ಕಾಲಿಗೆ ಚುಚ್ಚಿದ್ದು ಕೋಣದ ಗೊರಸಿಗೂ ಚುಚ್ಚುತ್ತದೆ.

ಓಟ ಕೊನೆಗೆ. ಮೂವತ್ತು ನಲವತ್ತು ಮೀಟರಿನ ಚಿಕ್ಕ ಓಟ, ವಾರಕ್ಕೆ ಎರಡು ಮೂರು ದಿನ. ಓಟ ಮುಗಿಯುವ ಕಡೆ ಮಣ್ಣು ಏರಿಸಿ ಮಂಜೊಟ್ಟಿಯ (ಕರೆಯ ಕೊನೆಯ ಏರಿನ) ಹಾಗೆ ಮಾಡಿ. ಏರು ಹತ್ತಿ ತಾನಾಗಿ ನಿಲ್ಲುವುದನ್ನು ಕೋಣ ಮೊದಲ ದಿನದಿಂದಲೇ ಕಲಿಯಬೇಕು. ಹಗ್ಗ ಜಗ್ಗಿ ನಿಲ್ಲಿಸಿದರೆ ಕತ್ತು, ಮೂಗು ಎರಡಕ್ಕೂ ನೋವು. ಕೋಣಕ್ಕೆ ಇನ್ನೂ ಓಡುವ ಮನಸ್ಸು ಇರುವಾಗಲೇ ಆ ದಿನದ ಅಭ್ಯಾಸ ಮುಗಿಸಿ.

ನಮ್ಮಲ್ಲಿ ಗದ್ದೆಯೇ ಉಳಿದಿಲ್ಲ, ಎಲ್ಲಾ ಅಡಿಕೆ ತೋಟ. ಎಲ್ಲಿ ಓಡಿಸುವುದು?

ಇದು ನಮ್ಮ ಕಡೆಯ ದೊಡ್ಡ ತೊಂದರೆ. ಬೈಲು ಗದ್ದೆಗಳು ತೋಟ ಆದವು, ಕೆಲವು ಮನೆ ಆದವು. ಗದ್ದೆ ಉಳಿಸಿಕೊಂಡಿರುವ ಮನೆಯವರ ಹತ್ತಿರ ಮಾತಾಡಿ, ಕೊಯ್ಲಿನ ಮೇಲೆ ಒಂದು ಗದ್ದೆ ಕೇಳಿ. ಓಡಿಸಿದ ಮೇಲೆ ಬದು ಸರಿ ಮಾಡಿ ಕೊಡಿ, ಮುಂದಿನ ವರ್ಷವೂ ಕೊಡುತ್ತಾರೆ. ಉಳಿದ ತಿಂಗಳು ಈಜು ಸಾಕು. ಕೆರೆಯಲ್ಲಿ ಈಜಿದರೆ ಉಸಿರು ಗಟ್ಟಿಯಾಗುತ್ತದೆ, ಗಂಟಿನ ಮೇಲೆ ಭಾರ ಬೀಳುವುದಿಲ್ಲ. ಗುಡ್ಡಕ್ಕೆ ಕೊರೆದ ಸುರಂಗದ ನೀರು ಬೀಳುವ ಕೆರೆ ಇದ್ದರೆ ನೀವು ಪುಣ್ಯವಂತರು.

ಗದ್ದೆಯಲ್ಲಿ ಚೆನ್ನಾಗಿ ಓಡುತ್ತದೆ, ಗಂತಿನಲ್ಲಿ, ಅಂದರೆ ಓಟ ಶುರುವಾಗುವ ಜಾಗದಲ್ಲಿ, ನಿಲ್ಲುವುದೇ ಇಲ್ಲ. ಏನು ಮಾಡೋಣ?

ಗಂತಿಗೆ ಬಂದಾಗಲೆಲ್ಲ ಓಡಿಸಿದ್ದೀರಿ, ಹಾಗಾಗಿ ಗಂತು ಅಂದರೆ ಓಟ ಅಂತ ಅದಕ್ಕೆ ಅಭ್ಯಾಸವಾಗಿದೆ. ಗಂತಿಗೆ ಕರೆತಂದು ಸುಮ್ನೆ ನಿಲ್ಲಿಸಿ, ಮೈ ಸವರಿ, ಒಂದು ಹಿಡಿ ಹುಲ್ಲು ಕೊಟ್ಟು ವಾಪಸು ಕರೆದುಕೊಂಡು ಹೋಗಿ. ಹೀಗೆ ನಿಲ್ಲುವ ದಿನಗಳು ಓಡುವ ದಿನಗಳಿಗಿಂತ ಹೆಚ್ಚಿರಲಿ. ಬಿಡುವವರು ಯಾವಾಗಲೂ ಅದೇ ಇಬ್ಬರಿರಲಿ. ಕಂಬಳದ ದಿನ ಗಂತಿನಲ್ಲಿ ಕುಣಿದು ಕುಣಿದೇ ಎಷ್ಟೋ ಎಳೆ ಜೋಡಿಗಳು ಅರ್ಧ ಶಕ್ತಿ ಕಳೆದುಕೊಳ್ಳುತ್ತವೆ.

ಬೆತ್ತ ಮುಟ್ಟಿಸದೆ ಕೋಣ ಓಡುತ್ತದಾ?

ಓಡುತ್ತದೆ. ಸ್ವರಕ್ಕೆ ಓಡುವ ಕೋಣಗಳನ್ನು ಎಲ್ಲರೂ ನೋಡಿದ್ದಾರೆ. ಮನೆಯ ಅಭ್ಯಾಸದಲ್ಲಿ ಬೆತ್ತ ಬೇಡವೇ ಬೇಡ. ಹೊಡೆತಕ್ಕೆ ಓಡುವುದು ಕಲಿತ ಕೋಣ ಹೊಡೆತ ತಪ್ಪಿದ ದಿನ ಓಡುವುದಿಲ್ಲ. ಮನುಷ್ಯನನ್ನು ಕಂಡರೆ ಬೆದರುವ ಪ್ರಾಣಿಯನ್ನು ಹಟ್ಟಿಯಲ್ಲಿ ಸಾಕುವುದೂ ಅಪಾಯ. ಕರ್ನಾಟಕದ ಕಾನೂನು ಕಂಬಳಕ್ಕೆ ಅವಕಾಶ ಕೊಟ್ಟದ್ದೇ ಪ್ರಾಣಿಗೆ ಅನಗತ್ಯ ನೋವು ಆಗಬಾರದು ಎಂಬ ಷರತ್ತಿನ ಮೇಲೆ. ಈ ಷರತ್ತು ಉಳಿದರೆ ಕಂಬಳ ಉಳಿಯುತ್ತದೆ. ಚರ್ಮದ ಮೇಲೆ ಬರೆ ಎದ್ದ ಕೋಣವನ್ನು ಕರೆಗೆ ತರುವ ಯಜಮಾನ ಕಂಬಳಕ್ಕೇ ದ್ರೋಹ ಮಾಡುತ್ತಾನೆ.

ಕುದಿ ಕಂಬಳಕ್ಕೆ ಎಷ್ಟು ಸಲ ಕೊಂಡುಹೋಗಬೇಕು?

ಸೀಸನ್ನಿನ ಮುಂಚೆ ನಿಜವಾದ ಕರೆಯಲ್ಲಿ ಅಭ್ಯಾಸ ಮಾಡಿಸುವುದೇ ಕುದಿ. ಎಳೆ ಜೋಡಿಗೆ ಎರಡು ಮೂರು ಸಲ ಸಾಕು. ಮೊದಲ ಸಲ ಒಂಟಿಯಾಗಿ, ಪಕ್ಕದ ಕರೆ ಖಾಲಿ ಇರುವಾಗ ಓಡಿಸಿ. ಎರಡನೆಯ ಸಲ ಪಕ್ಕದಲ್ಲಿ ಇನ್ನೊಂದು ಜೋಡಿ ಇರಲಿ, ಸಾಧ್ಯವಾದರೆ ನಿಮ್ಮದಕ್ಕಿಂತ ನಿಧಾನದ್ದು.

ಓಡಿಸುವುದಕ್ಕೆ ನಮ್ಮ ತಮ್ಮನೇ ಸಾಲದಾ?

ಕೋಣ ಮತ್ತು ಮನುಷ್ಯ ಇಬ್ಬರೂ ಹೊಸಬರಾದರೆ ಇಬ್ಬರಿಗೂ ಪೆಟ್ಟಾಗುತ್ತದೆ. ಮೊದಲ ಸೀಸನ್ನಿಗೆ ಅನುಭವಿ ಓಟಗಾರರನ್ನು ಹಿಡಿಯಿರಿ. ಅವರು ಬಂದು ಒಂದೆರಡು ಸಲ ಕುದಿ ಓಡಿಸಲಿ, ಕೋಣಕ್ಕೆ ಅವರ ಸ್ವರ ಪರಿಚಯ ಆಗಲಿ. ಒಳ್ಳೆ ಓಟಗಾರರು ಒಂದೇ ಕಂಬಳದಲ್ಲಿ ಬೇರೆ ಬೇರೆ ಮನೆಯ ಜೋಡಿ ಓಡಿಸುತ್ತಾರೆ. ಹಾಗಾಗಿ ಸೀಸನ್ ಶುರುವಾಗುವ ಮುಂಚೆಯೇ ಮಾತಾಡಿ. ತಮ್ಮನಿಗೆ ಆಸೆ ಇದ್ದರೆ ಮೂಡುಬಿದಿರೆ, ಮಿಯಾರು ಕಡೆ ಕಂಬಳ ಅಕಾಡೆಮಿಯವರು ಯುವಕರಿಗೆ ತರಬೇತಿ ಶಿಬಿರ ನಡೆಸಿದ್ದಾರೆ. ಅಂಥಲ್ಲಿ ಸೇರಿ ಕಲಿಯಲಿ.

## ಮೇವು, ಮೈ, ಮದ್ದು

ಹುರುಳಿ ಎಷ್ಟು ಕೊಡಬೇಕು? ಮೊಟ್ಟೆ, ಬೆಣ್ಣೆ ಎಲ್ಲ ಬೇಕಾ?

ಹೊಟ್ಟೆ ತುಂಬಿಸುವುದು ಬೈಹುಲ್ಲು ಮತ್ತು ಹಸಿ ಹುಲ್ಲು. ಹುರುಳಿ ಅದರ ಮೇಲಿನದು. ನೆನೆಸಿ, ಬೇಯಿಸಿ, ಆರಿಸಿ ಕೊಡಿ. ಸ್ವಲ್ಪದಿಂದ ಶುರು ಮಾಡಿ ವಾರ ವಾರಕ್ಕೆ ಏರಿಸಿ. ಒಮ್ಮೆಲೇ ಜಾಸ್ತಿ ಮಾಡಿದರೆ ಹೊಟ್ಟೆ ಹುಳಿಯಾಗಿ ಉಬ್ಬರ ಬರುತ್ತದೆ, ಮೇವು ಬಿಡುತ್ತದೆ. ಪಾಲುದಾರರು ಹಬ್ಬಕ್ಕೆ ಬಂದವರು ಪ್ರೀತಿಯಿಂದ ಒಂದು ಬಕೆಟ್ ಹೆಚ್ಚು ಹಾಕಿ ಹೋಗುವುದು ನಡೆಯುತ್ತಲೇ ಇರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಅಳತೆಯ ಡಬ್ಬ ಒಂದೇ ಇರಲಿ, ಹಾಕುವವರೂ ಒಬ್ಬರೇ ಇರಲಿ.

ಬೇಸಿಗೆ ಬಂದಂತೆ ಕುಂಬಳಕಾಯಿ, ಸೌತೆ, ಕಲ್ಲಂಗಡಿ ತಂಪು. ಕ್ಯಾರೆಟ್, ಬೀಟ್‌ರೂಟ್ ಕೊಡುವವರಿದ್ದಾರೆ, ಒಳ್ಳೆಯದೇ. ಮೊಟ್ಟೆ, ಬೆಣ್ಣೆ ದೊಡ್ಡ ಮನೆಗಳ ಕ್ರಮ. ಎಳೆ ಕೋಣಕ್ಕೆ ಅದಕ್ಕಿಂತ ಉಪ್ಪು ಮತ್ತು ಖನಿಜದ ಪುಡಿ ಮುಖ್ಯ. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದನ್ನು ಮಾತ್ರ ಬಿಡಬೇಡಿ. ತಿಕ್ಕುವ ಕೈಗೇ ಮೊದಲು ಗೊತ್ತಾಗುವುದು, ಯಾವ ಸ್ನಾಯು ಗಂಟಾಗಿದೆ, ಎಲ್ಲಿ ಮುಟ್ಟಿದರೆ ಕೋಣ ಸರಿಯುತ್ತದೆ ಅಂತ.

ಅಡಿಕೆ ತೋಟದ ಹುಲ್ಲು ಹಾಕಬಹುದಾ?

ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಟ್ಟ ತೋಟದ ಹುಲ್ಲು ಬೇಡ. ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇದೆ, ಅಂದರೆ ತಾಮ್ರ. ಅದು ಮರದಿಂದ ಇಳಿದು ಹುಲ್ಲಿನ ಮೇಲೆ ಕೂರುತ್ತದೆ, ದಿನಾ ತಿಂದರೆ ಪ್ರಾಣಿಯ ಪಿತ್ತಜನಕಾಂಗದಲ್ಲಿ (ಲಿವರಿನಲ್ಲಿ) ಸೇರುತ್ತಾ ಹೋಗುತ್ತದೆ. ಕೆಲವು ವಾರ ಚೆನ್ನಾಗಿ ಮಳೆ ಬಿದ್ದು ತೊಳೆದು ಹೋದ ಮೇಲೆ, ಹೊಸದಾಗಿ ಚಿಗುರಿದ ಹುಲ್ಲನ್ನು ಕೊಯ್ಯಿರಿ. ಕಳೆನಾಶಕ ಹೊಡೆದ ತೋಟವನ್ನಂತೂ ಆ ವರ್ಷಕ್ಕೆ ಮರೆತುಬಿಡಿ.

ಓಡಿದ ಮೇಲೆ ಬಾಯಿ ತೆರೆದು ಏದುಸಿರು ಬಿಡುತ್ತದೆ. ಹೆದರಬೇಕಾ?

ಕೋಣದ ಮೈಯಲ್ಲಿ ಬೆವರಿನ ಗ್ರಂಥಿ ಕಡಿಮೆ, ಚರ್ಮ ಕಪ್ಪು. ಬಿಸಿಯನ್ನು ಹೊರಹಾಕಲು ಅದಕ್ಕೆ ನೀರು ಬೇಕು. ಓಟ ಮುಗಿದ ಕೂಡಲೇ ನೆರಳಿಗೆ ಕೊಂಡುಹೋಗಿ, ನಿಧಾನ ನಡೆಸುತ್ತಾ ಕಾಲಿನಿಂದ ಮೇಲಕ್ಕೆ ನೀರು ಹೊಯ್ಯಿರಿ. ಉಸಿರು ಇಳಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಸಿ. ಸ್ವಲ್ಪ ಹೊತ್ತಿನಲ್ಲಿ ಉಸಿರು ಮಾಮೂಲಿಗೆ ಬಂದರೆ ಹೆದರಿಕೆ ಇಲ್ಲ.

ನಾಲಗೆ ಹೊರಗೆ ಚಾಚಿ ನೊರೆ ಬಂದರೆ, ಹೆಜ್ಜೆ ತಪ್ಪಿದರೆ, ಕಿವಿ ಜೋತುಬಿದ್ದರೆ ಅದು ಬಿಸಿಲಿನ ಹೊಡೆತ. ಕೋಣದ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ಓಡಿ ಅರ್ಧ ಗಂಟೆ ಕಳೆದರೂ 40ರ ಮೇಲೆ ಇದ್ದರೆ ನೀರು ಹೊಯ್ಯುತ್ತಲೇ ಡಾಕ್ಟರಿಗೆ ಫೋನ್ ಮಾಡಿ. ಹಟ್ಟಿಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಫೆಬ್ರವರಿ, ಮಾರ್ಚಿನಲ್ಲಿ ಅಭ್ಯಾಸ ಬೆಳಿಗ್ಗೆ ಎಂಟರೊಳಗೆ ಮುಗಿಯಲಿ.

ಯಾವ ಲಸಿಕೆ ತಪ್ಪಿಸಬಾರದು?

ಗಂಟಲು ಬೇನೆಯದ್ದು ಮಳೆಗಾಲಕ್ಕೆ ಮುಂಚೆ. ಎಮ್ಮೆ, ಕೋಣಗಳಿಗೆ ಅದು ದನಗಳಿಗಿಂತ ಜೋರಾಗಿ ಬಡಿಯುತ್ತದೆ, ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಕಾಲುಬಾಯಿ ಜ್ವರದ್ದು ಆರು ತಿಂಗಳಿಗೊಮ್ಮೆ. ಕಂಬಳದಲ್ಲಿ ಎಲ್ಲೆಲ್ಲಿಂದಲೋ ಬಂದ ಕೋಣಗಳು ಒಂದೇ ಕರೆಯ ನೀರಿಗೆ ಇಳಿಯುತ್ತವೆ, ಹಾಗಾಗಿ ಇದು ತುಂಬಾ ಮುಖ್ಯ. ಲಸಿಕೆ ಹಾಕಿಸಿ ಎರಡು ಮೂರು ವಾರ ಜೋರಿನ ಓಟ ಬೇಡ. ಜಂತಿನ ಮದ್ದನ್ನು ಊರಿನ ಮೃಗಾಸ್ಪತ್ರೆಯಲ್ಲಿ ಕೇಳಿ ಕೊಡಿ.

ಓಟ ಜೋರಾಗುವ ಚುಚ್ಚುಮದ್ದು ಇದೆಯಂತೆ ಹೌದಾ?

ಯಾರಾದರೂ ಹಾಗೆ ಹೇಳಿಕೊಂಡು ಬಂದರೆ ಹಟ್ಟಿಯ ಒಳಗೆ ಬಿಡಬೇಡಿ. ಸಾರಾಯಿ ಕುಡಿಸುವ ಮಾತಿಗೂ ಇದೇ ಉತ್ತರ.

## ಮೊದಲ ಕಂಬಳ

ಮೊದಲ ಕಂಬಳ ಯಾವುದು ಆದರೆ ಒಳ್ಳೆಯದು?

ಹತ್ತಿರದ್ದು. ಲಾರಿಯಲ್ಲಿ ಮೂರು ಗಂಟೆ ನಿಂತು ಬಂದ ಎಳೆ ಕೋಣ ಅರ್ಧ ಸೋತೇ ಇಳಿಯುತ್ತದೆ. ಪೆರ್ಲ, ಬದಿಯಡ್ಕದವರಿಗೆ ಪುತ್ತೂರು ಹತ್ತಿರ. ಅಲ್ಲಿ ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ ನಡೆಯುತ್ತದೆ. ವರ್ಕಾಡಿ, ಮೀಂಜದವರಿಗೆ ನರಿಂಗಾನದ ಲವ-ಕುಶ ಜೋಡುಕರೆ ಗಡಿ ದಾಟಿದ ಕೂಡಲೇ ಸಿಗುತ್ತದೆ. ಸೀಸನ್ ನವೆಂಬರಿನಿಂದ ಮಾರ್ಚ್, ಏಪ್ರಿಲ್‌ವರೆಗೆ ಇರುತ್ತದೆ. ಜಿಲ್ಲಾ ಕಂಬಳ ಸಮಿತಿ ದಿನಾಂಕದ ಪಟ್ಟಿ ಮೊದಲೇ ಹೇಳುತ್ತದೆ. ಮೊದಲ ವರ್ಷ ಮೂರು ನಾಲ್ಕು ಕಂಬಳ ಸಾಕು, ನಡುವೆ ಎರಡು ವಾರವಾದರೂ ಬಿಡುವು ಇರಲಿ.

ಆ ದಿನ ಏನೆಲ್ಲ ಆಗುತ್ತದೆ? ನಾವು ಪಾಲುದಾರರು ಏನು ಮಾಡಬೇಕು?

ಹೆಚ್ಚಿನ ಕಂಬಳ ಶನಿವಾರ ಬೆಳಿಗ್ಗೆ ಶುರುವಾಗಿ ಆದಿತ್ಯವಾರದವರೆಗೆ ಹೋಗುತ್ತದೆ. ನಿಮ್ಮ ಜೋಡಿಯ ಓಟ ಕೆಲವೇ ಸೆಕೆಂಡು. ಉಳಿದದ್ದೆಲ್ಲ ಕಾಯುವುದು. ಎಳೆ ಕೋಣ ಸೋಲುವುದು ಕೂಡ ಈ ಕಾಯುವಿಕೆಯಲ್ಲೇ.

ಬೇಗ ಹೋಗಿ ನೆರಳಿನ, ಮೈಕಿನಿಂದ ದೂರದ ಜಾಗ ಹಿಡಿಯಿರಿ. ಮನೆಯ ನೀರು, ಮನೆಯ ಹುಲ್ಲು ಕೊಂಡುಹೋಗಿ. ಪಕ್ಕದಲ್ಲಿ ಶಾಂತ ಕೋಣಗಳಿರುವ ಮನೆಯವರಿದ್ದರೆ ಅವರ ಹತ್ತಿರ ಕಟ್ಟಿ. ಹುರುಳಿ ಹಿಂದಿನ ದಿನಕ್ಕೇ ಸಾಕು, ಓಟದ ಮುಂಚೆ ಹೊಟ್ಟೆ ಹಗುರ ಇರಲಿ. ಓಡುವ ಮುಂಚೆ ಒಮ್ಮೆ ಕರೆಯ ಬದಿಯಲ್ಲಿ ನಡೆಸಿಕೊಂಡು ಹೋಗಿ ಮಂಜೊಟ್ಟಿ ತೋರಿಸಿ. ರಾತ್ರಿ ಓಟ ಆದರೆ ದೀಪದ ಬೆಳಕು ನೀರಿನ ಮೇಲೆ ಮಿಂಚುತ್ತದೆ. ಕೆಲವು ಎಳೆಯವು ಅದನ್ನು ಕಂಡು ನಿಂತೇಬಿಡುತ್ತವೆ. ಮನೆಯಲ್ಲಿ ಒಂದು ಸಂಜೆಯಾದರೂ ಲೈಟು ಹಾಕಿ ಕೆಸರಿನಲ್ಲಿ ನಡೆಸಿರಿ.

ಕೋಣದ ಹತ್ತಿರ ಇರಬೇಕಾದವರು: ದಿನಾ ನೋಡಿಕೊಳ್ಳುವವರು, ಗಂತಿನಲ್ಲಿ ಬಿಡುವ ಇಬ್ಬರು, ಓಡಿಸುವವರು, ಮಂಜೊಟ್ಟಿಯಲ್ಲಿ ಹಿಡಿಯುವವರು. ಇಷ್ಟೇ. ಪಾಲುದಾರರು, ಅವರ ಭಾವಂದಿರು, ಫೋಟೋ ತೆಗೆಯುವ ಮಕ್ಕಳು ಎಲ್ಲರೂ ಸುತ್ತ ನಿಂತರೆ ಕೋಣಕ್ಕೆ ಗಾಳಿಯೇ ಸಿಗುವುದಿಲ್ಲ. ವಾದ್ಯದ ಜೊತೆ ಕರೆಗೆ ಇಳಿಸುವ ಮೆರವಣಿಗೆಯಲ್ಲಿ ನೀವು ಖುಷಿಯಿಂದ ಸೇರಿ. ಅದು ನಿಮ್ಮ ಹಕ್ಕು, ಮನೆಯ ಮರ್ಯಾದೆ. ಅಲ್ಲಿಂದ ಮೇಲೆ ಕೋಣ ನೋಡಿಕೊಳ್ಳುವವರ ಮಾತು ನಡೆಯಲಿ. ಅವರು "ಇವತ್ತು ಬೇಡ, ಕಾಲು ಸರಿ ಕಾಣುವುದಿಲ್ಲ" ಅಂದರೆ ಮೈಕಿನಲ್ಲಿ ನಿಮ್ಮ ಹೆಸರು ಕೂಗಿದ್ದರೂ ವಾಪಸು ತನ್ನಿ.

ಮೊದಲ ಸುತ್ತಿನಲ್ಲೇ ಸೋತಿತು. ಇದು ಓಡುವ ಕೋಣ ಅಲ್ಲ ಅಂತನಾ?

ಮೊದಲ ವರ್ಷ ಫಲಿತಾಂಶದಿಂದ ಏನೂ ತಿಳಿಯುವುದಿಲ್ಲ. ಬೇರೆ ಸಂಗತಿ ನೋಡಿ. ಗಂತಿನಲ್ಲಿ ನಿಂತಿತಾ? ನೇರ ಓಡಿತಾ? ಮಂಜೊಟ್ಟಿ ಹತ್ತಿತಾ? ಮರುದಿನ ಮೇವು ತಿಂದಿತಾ? ಈ ನಾಲ್ಕಕ್ಕೂ ಹೌದು ಅಂದರೆ ಆ ಕಂಬಳ ಗೆದ್ದ ಹಾಗೆಯೇ. ಎದುರು ಬಂದ ಜೋಡಿ ಪಳಗಿದ್ದಾದರೆ ಸೋಲು ಸಹಜ ಅಲ್ವಾ?

ಸೆಕೆಂಡಿನ ಲೆಕ್ಕಕ್ಕೂ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ತಿರುಗಿ ನೋಡಿತು. ಅದರ ಮೇಲೆ ಎಲ್ಲರ ಕೈಯಲ್ಲೂ ಸ್ಟಾಪ್‌ವಾಚ್. ಆದರೆ ಕರೆಯ ಉದ್ದ ಊರಿಂದ ಊರಿಗೆ ಬೇರೆ. ಕೆಸರಿನ ಆಳ ಬೇರೆ. ಒಂದೇ ದಿನ, ಒಂದೇ ಕರೆಯಲ್ಲಿ ಓಡಿದ ಜೋಡಿಗಳನ್ನು ಮಾತ್ರ ಹೋಲಿಸಿ.

## ಗಡಿ, ಕಾನೂನು, ಪಾಲು

ಕೇರಳದ ನಾವು ಕರ್ನಾಟಕಕ್ಕೆ ಕೋಣ ಕೊಂಡುಹೋಗಲು ಏನು ಕಾಗದ ಬೇಕು?

ತಲಪಾಡಿಯಲ್ಲೋ ಅಡ್ಯನಡ್ಕದ ದಾರಿಯಲ್ಲೋ ರಾತ್ರಿ ಲಾರಿ ನಿಲ್ಲಿಸಿದರೆ ಕೈಯಲ್ಲಿ ಕಾಗದ ಇರಬೇಕು. 1978ರ ಪ್ರಾಣಿ ಸಾಗಾಟ ನಿಯಮದಂತೆ ಪಶುವೈದ್ಯರಿಂದ ಪ್ರಯಾಣಕ್ಕೆ ಯೋಗ್ಯ ಎಂಬ ಸರ್ಟಿಫಿಕೇಟ್ ಬೇಕು. ಕಿವಿಯ 12 ಅಂಕೆಯ ಟ್ಯಾಗ್ ನಂಬರು ಅದರಲ್ಲಿ ಬರೆಸಿ. ಮೋಟಾರು ವಾಹನ ನಿಯಮದ ಪ್ರಕಾರ ಒಂದು ಕೋಣಕ್ಕೆ ಲಾರಿಯಲ್ಲಿ ಕನಿಷ್ಠ 2 ಚದರ ಮೀಟರ್ ಜಾಗ ಬೇಕು.

ಕರ್ನಾಟಕದ 2020ರ ಜಾನುವಾರು ಹತ್ಯೆ ತಡೆ ಕಾನೂನಿನಲ್ಲಿ 13 ವರ್ಷದೊಳಗಿನ ಕೋಣವೂ ಸೇರಿದೆ. ಹಾಗಾಗಿ ಎಲ್ಲಿಗೆ, ಯಾತಕ್ಕೆ ಅನ್ನುವುದು ಸ್ಪಷ್ಟ ಇರಲಿ. ಕಂಬಳ ಸಮಿತಿಯ ಆಮಂತ್ರಣ, ಲಸಿಕೆಯ ಚೀಟಿ, ಯಜಮಾನರ ಗುರುತಿನ ಚೀಟಿ ಒಂದೇ ಫೈಲಿನಲ್ಲಿಟ್ಟು ಡ್ರೈವರನಿಗೆ ಕೊಡಿ. ಪಾಲುದಾರರಲ್ಲಿ ಒಬ್ಬರು ಲಾರಿಯಲ್ಲೇ ಕೂತು ಹೋಗಿ.

ನಮ್ಮೂರಿನ ಗದ್ದೆಯಲ್ಲೇ ಒಂದು ಸಣ್ಣ ಕಂಬಳ ಮಾಡಿದರೆ?

ಪೈವಳಿಕೆಯ ಅಣ್ಣ-ತಮ್ಮ ಜೋಡುಕರೆಯ ಹೆಸರು ಕೇಳಿದವರಿಗೆ ಈ ಆಸೆ ಸಹಜ. ಆದರೆ ಕಾನೂನು ತಿಳಿದು ಹೆಜ್ಜೆ ಇಡಿ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಕಂಬಳಕ್ಕೂ ಅಡ್ಡಿ ಬಂತು. 2016ರಲ್ಲಿ ಕರ್ನಾಟಕ ಹೈಕೋರ್ಟ್ ಕಂಬಳ ನಡೆಸದಂತೆ ತಡೆ ಕೊಟ್ಟಿತು. ಕರ್ನಾಟಕ 2017ರಲ್ಲಿ ಪ್ರಾಣಿ ಹಿಂಸೆ ತಡೆ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು.

ಆ ತಿದ್ದುಪಡಿ ಕರ್ನಾಟಕದ್ದು. ಗಡಿಯ ಈಚೆಗೆ ಅದು ಅನ್ವಯ ಆಗುವುದಿಲ್ಲ. ಸ್ವಂತ ಗದ್ದೆಯಲ್ಲಿ ಕೋಣ ಕಟ್ಟಿ ಉಳುವುದು, ನಡೆಸುವುದು ಬೇರೆ, ಜನ ಸೇರಿಸಿ ಸ್ಪರ್ಧೆ ಮಾಡುವುದು ಬೇರೆ. ಸ್ಪರ್ಧೆಯ ಯೋಚನೆ ಇದ್ದರೆ ವಕೀಲರನ್ನು, ಜಿಲ್ಲಾಡಳಿತವನ್ನು ಕೇಳದೆ ಪೋಸ್ಟರ್ ಅಂಟಿಸಬೇಡಿ. ಕಾಸರಗೋಡಿನ ಕೋಣ ಸಾಕುವವರೆಲ್ಲ ಸೇರಿ ಕೇರಳ ಸರ್ಕಾರದ ಮುಂದೆ ಈ ವಿಷಯ ಗಟ್ಟಿಯಾಗಿ ಇಡಬೇಕು ಅನ್ನುವುದು ನನ್ನ ಬಲವಾದ ಅಭಿಪ್ರಾಯ.

ಮೈಕಿನಲ್ಲಿ ಯಾರ ಹೆಸರು ಕೂಗುವುದು? ಪದಕ ಯಾರ ಮನೆಗೆ?

ನಗಬೇಡಿ, ಪಾಲುದಾರರ ಜಗಳದಲ್ಲಿ ಇದೇ ಮೊದಲನೆಯದು. ಜೋಡಿ ಓಡುವುದು ಯಜಮಾನರ ಹೆಸರಲ್ಲಿ, ಮನೆಯ ಹೆಸರಲ್ಲಿ. ಎರಡು ಕೋಣ ಎರಡು ಮನೆಯದ್ದಾದರೆ ಒಂದು ವರ್ಷ ಒಬ್ಬರ ಹೆಸರು, ಮರುವರ್ಷ ಇನ್ನೊಬ್ಬರದು ಅಂತ ಮಾಡಿಕೊಂಡವರಿದ್ದಾರೆ. ತರವಾಡು ಮನೆಯ (ಕುಟುಂಬದ ಮೂಲ ಮನೆಯ) ಹೆಸರು, ಊರಿನ ಹೆಸರು ಇಟ್ಟವರೂ ಇದ್ದಾರೆ. ಅಣ್ಣ ತಮ್ಮಂದಿರಾದರೆ ಹಿರಿಯರ ಹೆಸರು ಇಡಿ, ಮಾತು ಮುಗಿಯಿತು.

ಕಿರಿಯ ವಿಭಾಗದಲ್ಲಿ ಸಾಮಾನ್ಯವಾಗಿ ಮೊದಲ ಬಹುಮಾನ ಒಂದು ಪವನು ಚಿನ್ನ, ಎರಡನೆಯದಕ್ಕೆ ಅರ್ಧ ಪವನು. ಪವನು ಅಂದರೆ 8 ಗ್ರಾಂ. ಅದನ್ನು ಕತ್ತರಿಸಿ ಹಂಚುವುದಕ್ಕಿಂತ ವರ್ಷಕ್ಕೊಂದು ಮನೆಯಲ್ಲಿ ಇಡುವುದು ಚಂದ. ಓಡಿಸಿದವರಿಗೆ, ಬಿಟ್ಟವರಿಗೆ, ಹಟ್ಟಿ ನೋಡಿಕೊಂಡವರಿಗೆ ಕೊಡುವುದನ್ನು ಮಾತ್ರ ಗೆದ್ದರೂ ಸೋತರೂ ಅದೇ ದಿನ ಕೊಟ್ಟುಬಿಡಿ.

ಒಬ್ಬರು ಈ ವಾರ ಬೇಡ ಅಂತಾರೆ, ಇನ್ನೊಬ್ಬರು ಓಡಿಸಲೇಬೇಕು ಅಂತಾರೆ. ಯಾರ ಮಾತು ಕೇಳುವುದು?

ಬೇಡ ಅಂದವರದು. ಇದನ್ನು ಮೊದಲೇ ಬರೆದಿಟ್ಟುಕೊಳ್ಳಿ: ಓಡಿಸಲು ಎಲ್ಲರ ಒಪ್ಪಿಗೆ ಬೇಕು, ತಡೆಯಲು ಒಬ್ಬರು ಸಾಕು. ಆ ಒಬ್ಬರಲ್ಲಿ ಕೋಣ ನೋಡಿಕೊಳ್ಳುವವರೂ ಸೇರಲಿ, ಅವರಿಗೆ ಪಾಲು ಇಲ್ಲದಿದ್ದರೂ. ತಪ್ಪಿದ ಕಂಬಳ ಮುಂದಿನ ವಾರ ಇನ್ನೊಂದು ಊರಿನಲ್ಲಿ ಸಿಗುತ್ತದೆ, ಮುರಿದ ಕಾಲು ಮಾತ್ರ ಮೊದಲಿನಂತಾಗುವುದಿಲ್ಲ.

ಅದೇ ಕಾಗದದಲ್ಲಿ ಉಳಿದದ್ದೂ ಇರಲಿ. ಯಾರ ಪಾಲು ಎಷ್ಟು. ತಿಂಗಳ ಖರ್ಚು ಯಾವ ತಾರೀಕಿನೊಳಗೆ ಕೊಡಬೇಕು, ಕೊಡದಿದ್ದರೆ ಏನು. ಕೋಣ ಯಾರ ಹಟ್ಟಿಯಲ್ಲಿ. ಕಾಯಿಲೆ ಬಂದರೆ ಡಾಕ್ಟರ ಖರ್ಚಿಗೆ ಯಾರನ್ನೂ ಕೇಳದೆ ಎಷ್ಟರವರೆಗೆ ಹೋಗಬಹುದು. ವಿಮೆ ಯಾರ ಹೆಸರಲ್ಲಿ. ಒಬ್ಬರು ಬಿಟ್ಟು ಹೋಗುವುದಾದರೆ ಪಾಲನ್ನು ಮೊದಲು ಉಳಿದವರಿಗೇ ಕೊಡಬೇಕು. ಸ್ನೇಹಿತರ ನಡುವೆ ಕಾಗದ ಯಾಕೆ ಅಂತ ಸಂಕೋಚ ಪಡಬೇಡಿ. ಸ್ನೇಹ ಉಳಿಯಬೇಕಾದರೇ ಕಾಗದ ಬೇಕು.

ಸೀಸನ್ ಮುಗಿಯಿತು. ಒಳ್ಳೆ ಬೆಲೆಗೆ ಕೇಳುತ್ತಿದ್ದಾರೆ. ಕೊಡೋಣವೇ?

ಒಂದು ಸೀಸನ್ ಓಡಿದ ಎಳೆ ಕೋಣಕ್ಕೆ ಏಪ್ರಿಲಿನಲ್ಲಿ ಗಿರಾಕಿ ಬರುವುದು ಮಾಮೂಲು. ಆಗಲೇ ಹೌದು ಅನ್ನಬೇಡಿ. ಎಲ್ಲ ಪಾಲುದಾರರೂ ಎದುರು ಕೂತು ಮಾತಾಡುವವರೆಗೆ ಮುಂಗಡ ಮುಟ್ಟಬೇಡಿ. ಕೊಡುವುದೇ ಆದರೆ ಹಟ್ಟಿ ನೋಡಿ ಕೊಡಿ. ಕೊಳ್ಳುವವರ ಬೇರೆ ಕೋಣಗಳ ಹೆಗಲು, ಬೆನ್ನು, ಗೊರಸು ನೋಡಿದರೆ ನಿಮ್ಮದರ ಮುಂದಿನ ಬದುಕು ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಜೋಡಿಯಲ್ಲಿ ಒಂದನ್ನು ಮಾತ್ರ ಕೇಳಿದರೆ ಇನ್ನೊಂದು ಮನೆಯವರಿಗೆ ಮೊದಲು ತಿಳಿಸಿ, ಅವರ ಕೋಣಕ್ಕೂ ಹೊಸ ಜೋಡಿ ಹುಡುಕಬೇಕಲ್ಲ.

ಕೊಡುವುದಿಲ್ಲ ಅಂತ ಆದರೆ ಮಳೆಗಾಲದ ಕೆಲಸ ಶುರು ಮಾಡಿ. ನೊಗ ಅಟ್ಟಕ್ಕೆ ಹೋಗಲಿ. ಗೊರಸು ಕೆತ್ತಿಸಿ, ಗಂಟಲು ಬೇನೆಯ ಲಸಿಕೆ ಹಾಕಿಸಿ, ಹುರುಳಿ ಕಡಿಮೆ ಮಾಡಿ ಹುಲ್ಲು ಜಾಸ್ತಿ ಮಾಡಿ. ಹಟ್ಟಿಯ ನೆಲ ಒಣಗಿರಲಿ, ಇಲ್ಲದಿದ್ದರೆ ಮಳೆಯ ಮೂರು ತಿಂಗಳಲ್ಲಿ ಗೊರಸಿನ ಸಂದು ಕೊಳೆಯುತ್ತದೆ. ನೀರು ತುಂಬಿದ ಕೆರೆಯಲ್ಲಿ ದಿನಾ ಒಂದಿಷ್ಟು ಹೊತ್ತು ಈಜಿಸಿ. ಅಕ್ಟೋಬರಿನಲ್ಲಿ ಮತ್ತೆ ಹಲ್ಲು ನೋಡಿ, ಮುಂದಿನ ಸೀಸನ್ನಿಗೆ ಯಾವ ವಿಭಾಗ ಅಂತ ಆಗ ತೀರ್ಮಾನಿಸಿ.